ಫೋಟೋದ ಹಿಂದೆ ಬರೆದ ಹೆಸರುಗಳು: ಬ್ಯಾಡಗಿಯ ಒಂದು ಸಾವಿನ ಚಿತ್ರ, ಬಾಸೆಲ್‌ನ ಸಾವಿರಾರು ಚಿತ್ರಗಳು

ಈ ವಾರದ ಇತಿಹಾಸದ ಮಾತನ್ನು ಒಂದು ಫೋಟೋದಿಂದ ಶುರು ಮಾಡ್ತೀನಿ. ನಿಮಗೆ ಅದು ಕಾಣೋದಿಲ್ಲ. ಈ ಸಂಚಿಕೆಯ ಜೊತೆಗೂ ಅದನ್ನು ಹಾಕಿಲ್ಲ. ಯಾಕೆ ಹಾಕಿಲ್ಲ ಅನ್ನೋದನ್ನ ಕೊನೆಗೆ ಹೇಳ್ತೀನಿ.

ಕಪ್ಪು-ಬಿಳುಪು ಫೋಟೋ. ಅಂಗೈಗಿಂತ ಸ್ವಲ್ಪ ದೊಡ್ಡದು. ಹಂಚಿನ ಮನೆಯ ಮುಂದೆ ಎರಡು ಬೆಂಚು, ಅದರ ಮೇಲೆ ಶವಪೆಟ್ಟಿಗೆ. ತಲೆಯ ಕಡೆ ಸ್ವಲ್ಪ ಎತ್ತರಿಸಿದ್ದಾರೆ, ಸತ್ತವರ ಮುಖ ಕಾಣಲಿ ಅಂತ. ಸುತ್ತ 31 ಜನ ನಿಂತಿದ್ದಾರೆ. ಹೆಂಗಸರ ತಲೆ ಮೇಲೆ ಸೆರಗು, ಗಂಡಸರ ತಲೆ ಮೇಲೆ ಟೋಪಿ ಇಲ್ಲ, ರುಮಾಲು ಇಲ್ಲ. ಮುಂದಿನ ಸಾಲಿನಲ್ಲಿ ಮಕ್ಕಳು. ಯಾರೂ ಅಳ್ತಿಲ್ಲ. ಯಾರೂ ಸತ್ತವರ ಕಡೆ ನೋಡ್ತಿಲ್ಲ. ಎಲ್ಲರೂ ನೇರವಾಗಿ ಕ್ಯಾಮೆರಾ ನೋಡ್ತಿದ್ದಾರೆ.

ಈ ಫೋಟೋ ಇರೋದು ಬ್ಯಾಡಗಿಯ ಒಂದು ಕ್ರೈಸ್ತ ಮನೆಯಲ್ಲಿ, ತಗಡಿನ ಟ್ರಂಕಿನೊಳಗೆ. 1960ರ ದಶಕದ್ದು. ನಾನು ರಾಣೆಬೆನ್ನೂರಿನವನು, ಕ್ರೈಸ್ತನಲ್ಲ. ನನ್ನ ಜೊತೆ ಕಾಲೇಜಿನಲ್ಲಿ ಓದಿದ ಗೆಳೆಯನೊಬ್ಬನ ಮೂಲಕ ಆ ಮನೆಗೆ ಹೋಗಿದ್ದೆ. ಅದಕ್ಕೂ ಮೊದಲು ಈಸ್ಟರ್ ದಿನ ಬೆಳಕು ಹರಿಯುವ ಮೊದಲೇ ಹಾವೇರಿಯಲ್ಲಿ ಅವನ ಮನೆಯವರ ಜೊತೆ ಸಮಾಧಿಗಳಿಗೆ ಹೋಗಿದ್ದೆ. ಹುಲ್ಲು ಕಿತ್ತು, ನೀರು ಹಾಕಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಹಾಡ್ತಿದ್ರು. ನಾನು ಫೋಟೋ ತೆಗೀತಾ ಇದ್ದೆ. ಚೆನ್ನಾಗಿ ಬಂದಿದ್ವು ಕೂಡ. ಆ ಹುಮ್ಮಸ್ಸಿನಲ್ಲೇ ಬ್ಯಾಡಗಿಗೆ ಹೋದೆ. ಟ್ರಂಕ್ ತೆರೆದ ತಕ್ಷಣ ಕ್ಯಾಮೆರಾ ಎತ್ತಿದೆ.

ಆ ಮನೆಯ ಅಜ್ಜಿ ಕೈ ಅಡ್ಡ ಹಿಡಿದ್ರು. "ಒಳಗ ಇಡಪಾ ಅದನ್ನ. ಮಕಾ ಎಲ್ಲಾರೂ ತಗೀತಾರ. ಮೊದಲ ಹೆಸರ ಕೇಳು" ಅಂದ್ರು.

ಆಮೇಲೆ ಫೋಟೋ ತಿರುಗಿಸಿದ್ರು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ, ಸಾಲು ಸಾಲಾಗಿ ಹೆಸರು. ಹಿಂದಿನ ಸಾಲು, ನಡುವಿನ ಸಾಲು, ಕುಂತವರು. ಎಡದಿಂದ ಬಲಕ್ಕೆ. 31 ಜನರಲ್ಲಿ 27 ಜನರ ಹೆಸರು ಅಲ್ಲಿತ್ತು. ನಾಲ್ಕು ಜಾಗ ಖಾಲಿ.

ಆ ಮಾತು ನನ್ನ ತಲೆಯಲ್ಲಿ ಉಳೀತು. ಯಾಕಂದ್ರೆ ಅದಕ್ಕೆ ಕೆಲವು ದಿನ ಮೊದಲು ಇನ್ನೊಂದು ಫೋಟೋ ಸಂಗ್ರಹವನ್ನು ನನ್ನ ಫೋನಿನಲ್ಲೇ ನೋಡಿದ್ದೆ. ಅದು ಇರೋದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅಲ್ಲಿ ನಮ್ಮ ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಹಳೆಯ ಫೋಟೋಗಳಿವೆ. ಮುಖ ಸ್ಪಷ್ಟ, ಸೀರೆಯ ಅಂಚು ಸ್ಪಷ್ಟ, ಹಂಚಿನ ಗೆರೆ ಕೂಡ ಸ್ಪಷ್ಟ. ಆದರೆ ಎಷ್ಟೋ ಫೋಟೋಗಳಲ್ಲಿ ಅದು ಯಾರು ಅಂತ ಗೊತ್ತಾಗಲ್ಲ. ಈ ಎರಡು ಬಗೆಯ ಫೋಟೋಗಳ ನಡುವಿನ ಕಥೆಯೇ ಇವತ್ತಿನ ಸಂಚಿಕೆ.

ಮೊದಲು ಸ್ವಲ್ಪ ಲೆಕ್ಕ ಹೇಳಿಬಿಡ್ತೀನಿ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇ 1.87ರಷ್ಟು. ಹಾವೇರಿ ಜಿಲ್ಲೆಯ ಜನಸಂಖ್ಯೆ ಆಗ ಸುಮಾರು 15.97 ಲಕ್ಷ. ಅದರಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಮಂಗಳೂರಿನ ಹಾಗೆ ಬೀದಿಗೊಂದು ಚರ್ಚ್ ಕಾಣೋ ಜಾಗ ಅಲ್ಲ ಇದು. ಬ್ಯಾಡಗಿ ಅಂದ್ರೆ ಎಲ್ಲರಿಗೂ ಮೆಣಸಿನಕಾಯಿ, ರಾಣೆಬೆನ್ನೂರು ಅಂದ್ರೆ ಕೃಷ್ಣಮೃಗ, ಹಾವೇರಿ ಅಂದ್ರೆ ಏಲಕ್ಕಿ ಮಾಲೆ. ಈ ಊರುಗಳಲ್ಲಿ ಕ್ರೈಸ್ತರೂ ಇದ್ದಾರೆ ಅನ್ನೋದು ಪಕ್ಕದ ಓಣಿಯವರಿಗೇ ಎಷ್ಟೋ ಸಲ ಗೊತ್ತಿರಲ್ಲ.

ಇನ್ನೊಂದು ವಿಷಯ. ಹಾವೇರಿ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮೊದಲು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಲ್ಲವೂ ಧಾರವಾಡ ಜಿಲ್ಲೆ. ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತ್ಯ. ಹಾಗಾಗಿ ಈ ಊರುಗಳ ಹಳೆಯ ಕಥೆ ಹುಡುಕಬೇಕು ಅಂದ್ರೆ 'ಧಾರವಾಡ' ಅಂತ ಬರೆದಿರೋ ಕಡತಗಳಲ್ಲಿ ಹುಡುಕಬೇಕು.

ಬಾಸೆಲ್ ಮಿಶನ್ ಶುರುವಾಗಿದ್ದು 1815ರಲ್ಲಿ. ಬ್ರಿಟಿಷ್ ಸಂಸತ್ತು 1833ರಲ್ಲಿ ಕಾಯ್ದೆ ಬದಲಿಸಿದ ಮೇಲೆ ಬೇರೆ ದೇಶದ ಮಿಶನರಿಗಳೂ ಭಾರತಕ್ಕೆ ಬರುವುದು ಸುಲಭವಾಯಿತು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಅನ್ನೋ ಮೂವರು ಮಂಗಳೂರಿಗೆ ಬಂದ್ರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ತಂದ ಮೊಗ್ಲಿಂಗ್ ಇದೇ ಮಿಶನ್ನಿನವರು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟ ಕಿಟ್ಟೆಲ್ ಕೂಡ.

ಕಿಟ್ಟೆಲ್ ಮುಖ ನಮಗೆಲ್ಲ ಗೊತ್ತು, ಅಲ್ವಾ? ಉದ್ದ ಗಡ್ಡ. ಪಠ್ಯಪುಸ್ತಕದಲ್ಲಿ ನೋಡಿದೀವಿ, ಬೆಂಗಳೂರಿನಲ್ಲಿ ಪ್ರತಿಮೆಯೂ ಇದೆ. ಅದೇ ಕಾಲದಲ್ಲಿ ಇದೇ ನಾಡಿನಲ್ಲಿ ಚರ್ಚಿಗೆ ಸೇರಿದ ಒಬ್ಬ ನೇಕಾರ, ಒಬ್ಬ ಕೂಲಿ ಹೆಣ್ಣುಮಗಳು, ಅವರ ಮುಖ ನೆನಪಿಸಿಕೊಳ್ಳಿ ಅಂದ್ರೆ ಯಾರಿಗೂ ಆಗಲ್ಲ. ಫೋಟೋ ಇಲ್ಲ ಅಂತಲ್ಲ. ಫೋಟೋ ಇದೆ. ಯಾರದು ಅಂತ ಗೊತ್ತಿಲ್ಲ.

ಇದು ಯಾಕೆ ಹೀಗಾಯ್ತು? ಆ ಫೋಟೋ ತೆಗೆದಿದ್ದು ಯಾರಿಗೋಸ್ಕರ ಅನ್ನೋದನ್ನ ನೋಡಿದ್ರೆ ಗೊತ್ತಾಗುತ್ತೆ. ಮಿಶನ್ ನಡೀತಾ ಇದ್ದದ್ದು ಯುರೋಪಿನ ಹಳ್ಳಿಹಳ್ಳಿಯ ಸಾಮಾನ್ಯ ಜನ ಕೊಡುವ ದೇಣಿಗೆಯಿಂದ. ಬಹಳಷ್ಟು ಮಿಶನರಿಗಳು ಜರ್ಮನಿಯ ವುರ್ಟೆಂಬರ್ಗ್ ಕಡೆಯವರು. ದೇಣಿಗೆ ಕೊಟ್ಟವರಿಗೆ 'ನೋಡಿ, ಇಲ್ಲಿ ಹೀಗೆ ಕೆಲಸ ನಡೀತಿದೆ' ಅಂತ ತೋರಿಸಬೇಕಿತ್ತು. ಆಮೇಲೆ ಮಿಶನ್ನಿನ ಪತ್ರಿಕೆಗಳಿಗೆ ಚಿತ್ರ ಬೇಕಿತ್ತು. ಅಂಥ ಓದುಗರಿಗೆ 'ಬೋರ್ಡಿಂಗ್ ಶಾಲೆಯ ಹುಡುಗಿಯರು' ಅಂದ್ರೆ ಸಾಕು. ಅವರ ಹೆಸರು ಹೇಳಿದ್ರೂ ಉಚ್ಚಾರ ಮಾಡೋಕೆ ಬರ್ತಿರಲಿಲ್ಲ. ಹಾಗಾಗಿ ಶೀರ್ಷಿಕೆಯಲ್ಲಿ ಮಿಶನರಿಯ ಹೆಸರು ಇರುತ್ತೆ, ಅವರ ಹೆಂಡತಿಯ ಹೆಸರು ಇರುತ್ತೆ, ಪಕ್ಕದಲ್ಲಿ ನಿಂತ ಕನ್ನಡಿಗರು ಬಹಳ ಸಲ ಬರೀ ಗುಂಪು. ಪಾಸ್ಟರು, ಉಪದೇಶಿ ಆಗಿದ್ದ ಕೆಲವರಿಗೆ ಹೆಸರು ಸಿಕ್ಕಿದೆ. ಉಳಿದವರಿಗೆ ಅದೂ ಇಲ್ಲ.

ಆಗಿನ ಕ್ಯಾಮೆರಾ ಹೇಗಿತ್ತು ಅನ್ನೋದನ್ನೂ ತಿಳ್ಕೋಬೇಕು. 1850, 60ರ ದಶಕದಲ್ಲಿ ಗಾಜಿನ ತಗಡಿಗೆ ರಾಸಾಯನಿಕ ಬಳಿದು, ಅದು ಹಸಿ ಇರುವಾಗಲೇ ಫೋಟೋ ತೆಗೆದು, ಹಸಿ ಇರುವಾಗಲೇ ಕತ್ತಲೆ ಡೇರೆಯಲ್ಲಿ ತೊಳೆಯಬೇಕಿತ್ತು. ಹತ್ತು ಹದಿನೈದು ನಿಮಿಷದೊಳಗೆ ಎಲ್ಲ ಮುಗೀಬೇಕು. ಬೆಳಕು ಬೀಳೋದು ಕೆಲವು ಸೆಕೆಂಡು. ಅಷ್ಟು ಹೊತ್ತು ಅಲ್ಲಾಡಬಾರದು. ನಕ್ಕರೆ ಮುಖ ಮಸುಕಾಗುತ್ತೆ, ಅತ್ತರೂ ಮಸುಕಾಗುತ್ತೆ. ಆ ಹಳೆಯ ಫೋಟೋಗಳಲ್ಲಿ ಜನ ಕಲ್ಲಿನಂತೆ ನಿಂತಿರೋದಕ್ಕೆ ಇದೂ ಒಂದು ಕಾರಣ. ಅದನ್ನ ನೋಡಿ 'ಪಾಪ, ಎಷ್ಟು ದುಃಖದಲ್ಲಿದ್ದಾರೆ' ಅಂತ ನಾವು ಅಂದ್ಕೊಂಡ್ರೆ ತಪ್ಪಾಗಬಹುದು.

ನಿಜವಾದ ದುಃಖ ಬಂದಿದ್ದು 1876ರಲ್ಲಿ. ಆ ವರ್ಷ ಮಳೆ ಕೈಕೊಟ್ಟಿತು. 1878ರವರೆಗೂ ನಡೆದ ಆ ಬರದಲ್ಲಿ ದಕ್ಷಿಣ ಭಾರತ ತತ್ತರಿಸಿತು. ಮುಂಬೈ ಪ್ರಾಂತ್ಯದಲ್ಲಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಧಾರವಾಡ, ಕಲಾದಗಿ ಎರಡೂ ಇದ್ದವು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲೇ ಸುಮಾರು 55 ಲಕ್ಷ ಜನ ಸತ್ತರು ಅನ್ನೋದು ಸಾಮಾನ್ಯವಾಗಿ ಒಪ್ಪುವ ಅಂದಾಜು.

ಈ ಬರದ ಫೋಟೋಗಳನ್ನ ನೀವೂ ನೋಡಿರ್ತೀರಿ. ಎಲುಬು ಕಾಣುವ ಮೈ, ಸಾಲಾಗಿ ಕೂರಿಸಿದ ಕುಟುಂಬ. ಇನ್‌ಸ್ಟಾಗ್ರಾಂನಲ್ಲಿ ಆಗಾಗ ಸುತ್ತುತ್ತಾ ಇರುತ್ತವೆ. ಅವುಗಳಲ್ಲಿ ಹೆಸರಾದವು ಮದ್ರಾಸ್ ಪ್ರಾಂತ್ಯದಲ್ಲಿ ತೆಗೆದವು. ತೆಗೆದವನು ವಿಲೋಬಿ ವಾಲೇಸ್ ಹೂಪರ್ ಅನ್ನೋ ಸೇನಾಧಿಕಾರಿ. ಸಾಯ್ತಾ ಇದ್ದವರನ್ನ ಒಂದು ಕಡೆ ಸೇರಿಸಿ, ಕೂರಿಸಿ ಫೋಟೋ ತೆಗೆದ, ನೆರವಿಗೆ ಬರಲಿಲ್ಲ ಅಂತ ಅವನ ಮೇಲೆ ಆಕ್ಷೇಪ ಇತ್ತು. ಇದೇ ಹೂಪರ್ 1886ರಲ್ಲಿ ಬರ್ಮಾದ ಮಂಡಲೇಯಲ್ಲಿ ಮರಣದಂಡನೆಗೆ ನಿಲ್ಲಿಸಿದ ಕೈದಿಗಳ ಫೋಟೋ ತೆಗೆಯಲು ಹೋಗಿ ದೊಡ್ಡ ಗಲಾಟೆ ಆಯಿತು. ಗುಂಡು ಹಾರುವ ಕ್ಷಣವನ್ನೇ ಹಿಡಿಯೋಕೆ ನೋಡಿದ ಅನ್ನೋದು ಆರೋಪ. ವಿಚಾರಣೆಯೂ ನಡೀತು. ಬೇರೆಯವರ ಸಂಕಟದ ಮುಂದೆ ಕ್ಯಾಮೆರಾ ಹಿಡಿದು ನಿಲ್ಲೋದು ಸರಿಯಾ ಅನ್ನೋ ಪ್ರಶ್ನೆ ಮೊಬೈಲ್ ಬಂದ ಮೇಲೆ ಹುಟ್ಟಿದ್ದಲ್ಲ ನೋಡಿ. ಅದಕ್ಕೆ ಹೆಚ್ಚು ಕಡಿಮೆ ಒಂದೂವರೆ ನೂರು ವರ್ಷ ವಯಸ್ಸಾಗಿದೆ.

ನಮ್ಮ ಕಡೆ ಆ ಬರದಲ್ಲಿ ಅಪ್ಪ-ಅಮ್ಮ ಕಳಕೊಂಡ ಮಕ್ಕಳಿಗೆ ಬಾಸೆಲ್ ಮಿಶನ್ ಕೇಂದ್ರಗಳು ಜಾಗ ಕೊಟ್ಟವು. ಅಲ್ಲೇ ಬೆಳೆದು, ಓದಿ, ನೇಯ್ಗೆಯಂಥ ಕಸುಬು ಕಲಿತು ಮದುವೆಯಾಗಿ ಮನೆ ಮಾಡಿಕೊಂಡವರಿದ್ದರು. ದೀಕ್ಷಾಸ್ನಾನದ ಜೊತೆ ಬೈಬಲ್ಲಿನ ಹೊಸ ಹೆಸರು ಬಂತು. ಇಲ್ಲಿ ಎರಡು ಮಾತು ಒಟ್ಟಿಗೇ ಹೇಳಬೇಕು. ಆ ಮಕ್ಕಳು ಬದುಕಿದ್ದು ಆ ಆಶ್ರಯದಿಂದ. ಅದೇ ಹೊತ್ತಿಗೆ ಹಳೆಯ ಊರು, ಹಳೆಯ ಹೆಸರು, ಸತ್ತ ತಾಯಿಯ ಗುರುತು ಎಲ್ಲ ಹಿಂದೆ ಉಳೀತು. ಹಾಗೆ ಶುರುವಾದ ಒಂದು ಮನೆತನಕ್ಕೆ ವಂಶದ ಮೊದಲ ಹಿರಿಯರು ಅಂದ್ರೆ ಒಬ್ಬ ಅನಾಥ ಹುಡುಗ, ಒಬ್ಬ ಅನಾಥ ಹುಡುಗಿ. ಅವರ ಹಿಂದೆ ಏನೂ ಇಲ್ಲ. ಅಂಥ ಮನೆಗೆ ಒಂದು ಗುಂಪು ಫೋಟೋ, ಅದರಲ್ಲಿ ಒಂದು ಹೆಸರು ಸಿಕ್ಕರೆ ಅದೇ ವಂಶಾವಳಿ.

ಆಮೇಲೂ ಸಾವು ಬಿಡಲಿಲ್ಲ. 1898ರಲ್ಲಿ ಧಾರವಾಡ ಜಿಲ್ಲೆಯಲ್ಲಿ ಪ್ಲೇಗ್. 1918ರಲ್ಲಿ ಇನ್‌ಫ್ಲುಯೆಂಜಾ. ಇವೆರಡರ ನಡುವೆ 1914ರಲ್ಲಿ ಮೊದಲ ಮಹಾಯುದ್ಧ. ಜರ್ಮನ್ನರು ಬ್ರಿಟಿಷರಿಗೆ ಶತ್ರುಗಳಾದ್ರು. ಜರ್ಮನ್ ಮಿಶನರಿಗಳನ್ನ ಅಹ್ಮದ್‌ನಗರದ ಶಿಬಿರದಲ್ಲಿ ಇಟ್ಟು, ಆಮೇಲೆ ದೇಶದಿಂದ ಕಳಿಸಿದ್ರು. ಮಿಶನ್ನಿನ ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಕಂಪನಿಗೆ ಹೋದವು. ಇಲ್ಲಿನ ಸಭೆಗಳಿಗೆ ಅದು ಒಮ್ಮೆಲೇ ಬಿದ್ದ ಹೊಡೆತ. ಪಾಸ್ಟರು, ಮೇಷ್ಟ್ರು, ಬೈಬಲ್ ಓದಿ ಹೇಳುವ ಹೆಂಗಸರು, ಇವರೇ ಸಭೆಯನ್ನ ಉಳಿಸಿಕೊಂಡ್ರು. ಇವರ ಕೈಯಲ್ಲಿ ಉಳಿದದ್ದು ಏನು? ದೀಕ್ಷಾಸ್ನಾನ, ಮದುವೆ, ಮರಣದ ರಿಜಿಸ್ಟರು. ಸಮಾಧಿ ಕಲ್ಲುಗಳು. ಹಾಡಿನ ಪುಸ್ತಕ. ಫೋಟೋಗಳು ಮಾತ್ರ ಬಾಸೆಲ್‌ನಲ್ಲಿ.

ಆ ಫೋಟೋಗಳನ್ನ ಕಾಪಾಡಿದವರನ್ನ ಬೈಯ್ಯೋಕೆ ನಾನು ಇದನ್ನ ಹೇಳ್ತಿಲ್ಲ. ಪಾಲ್ ಜೆಂಕಿನ್ಸ್ ಅನ್ನೋ ಇತಿಹಾಸಕಾರರು ಬಹಳ ವರ್ಷ ಆ ದಾಖಲೆ ಭಂಡಾರದ ಹೊಣೆ ಹೊತ್ತು, ಈ ಫೋಟೋಗಳನ್ನ ಇತಿಹಾಸದ ಆಕರ ಅಂತ ನೋಡೋದನ್ನ ಕಲಿಸಿದ್ರು. ಈಗ ಮಿಶನ್ 21 ಅನ್ನೋ ಸಂಸ್ಥೆ ಅದನ್ನ ನೋಡ್ಕೊಳ್ತಿದೆ. ಸಾವಿರಾರು ಚಿತ್ರಗಳನ್ನ ಇಂಟರ್ನೆಟ್ಟಿಗೆ ಹಾಕಿದ್ದಾರೆ. 'ಬಿಎಂ ಆರ್ಕೈವ್ಸ್' ಅಂತ ಹುಡುಕಿದ್ರೆ ಸಿಗುತ್ತೆ. ಹುಡುಕುವಾಗ ಊರಿನ ಹಳೆಯ ಸ್ಪೆಲ್ಲಿಂಗ್ ಹಾಕಿ ನೋಡಿ. ಧಾರವಾಡವನ್ನ ಆಗ 'ಧಾರವಾರ್' ಅಂತ ಬರೀತಿದ್ರು. ಇಲ್ಲೇ ಇದ್ದಿದ್ರೆ ನಮ್ಮ ಗೆದ್ದಲು, ನಮ್ಮ ಮಳೆ ಅವುಗಳಲ್ಲಿ ಎಷ್ಟನ್ನ ಬಿಡ್ತಿತ್ತೋ.

ಈಗ ಬ್ಯಾಡಗಿಯ ಫೋಟೋಕ್ಕೆ ವಾಪಸ್ ಬರೋಣ. 1880ರ ದಶಕದಲ್ಲಿ ರೈಲು ಬಂತು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹೋಗುವ ದಾರಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸಾಲಾಗಿ ಸ್ಟೇಷನ್ನುಗಳು. ಮುಂದೆ ಸ್ಟುಡಿಯೋಗಳು ಬಂದವು. ಫೋಟೋ ತೆಗೆಸುವ ತೀರ್ಮಾನ ಮಿಶನರಿಯ ಕೈಯಿಂದ ಮನೆಯವರ ಕೈಗೆ ಬಂತು. ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಇದು. ಯಾರಿಗೆ ಫೋಟೋ, ಯಾವತ್ತು ಫೋಟೋ, ಯಾರು ಎಲ್ಲಿ ನಿಲ್ಲಬೇಕು, ಎಲ್ಲ ಮನೆಯವರೇ ಹೇಳೋದು.

ಜೀವನದಲ್ಲಿ ಒಂದೋ ಎರಡೋ ಸಲ ಫೋಟೋ ತೆಗೆಸೋ ಕಾಲ ಅದು. ಮದುವೆಗೆ ಒಂದು, ಸಾವಿಗೆ ಒಂದು. ಅಜ್ಜಿ ಹೇಳಿದ್ದು ಇಷ್ಟು: ಟೆಲಿಗ್ರಾಂ ಕೊಡೋರು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದವರು ಬರೋವರೆಗೆ ಕಾಯೋರು. ಸ್ಟುಡಿಯೋದವರು ಸೈಕಲ್ ಮೇಲೆ ಸ್ಟ್ಯಾಂಡ್ ಕಟ್ಟಿಕೊಂಡು ಬರೋರು. ಪೆಟ್ಟಿಗೆ ಮುಚ್ಚುವ ಮೊದಲು ಒಂದು ಫೋಟೋ. ಆ ಕಾಲದ 120 ಫಿಲ್ಮಿನ ಒಂದು ರೀಲಿನಲ್ಲಿ ಚೌಕಾಕಾರದ 12 ಚಿತ್ರ ಬರ್ತಿತ್ತು. ಸಾವಿನ ಮನೆಗೆ ಅದರಲ್ಲಿ ಒಂದು, ಹೆಚ್ಚು ಅಂದ್ರೆ ಎರಡು.

"ಯಾಕ್ರೀ ಅಜ್ಜಿ, ಯಾರೂ ಅಳವಲ್ರು?" ಅಂತ ಕೇಳಿದೆ.

"ಅತ್ತು ಮುಗಿಸಿದ್ದಿವಿ. ಫೋಟೋ ಮುಂಬೈಕ ಕಳಸೂದಿತ್ತು. ನಮ್ಮ ಅಣ್ಣ ಅಲ್ಲಿದ್ದ, ಅವಗ ಮಣ್ಣಿಗೆ ಬರಾಕ ಆಗಲಿಲ್ಲ. ಅಪ್ಪನ್ನ ಛಲೋತ್ನಾಗಿ ಕಳಿಸಿದ್ವಿ, ಎಲ್ಲಾರೂ ಬಂದಿದ್ರು ಅಂತ ಅವಗ ಗೊತ್ತಾಗಬೇಕಲ್ಲ."

ಅಂದ್ರೆ ಆ ಫೋಟೋ ಒಂದು ಪತ್ರ. ಬರೋಕೆ ಆಗದ ಮಗನಿಗೆ ಬರೆದ ಪತ್ರ. 31 ಜನ ಕ್ಯಾಮೆರಾ ನೋಡ್ತಿಲ್ಲ, ಅವನನ್ನ ನೋಡ್ತಿದ್ದಾರೆ. ಹಿಂದೆ ಹೆಸರು ಬರೆದಿದ್ದು ಕೂಡ ಅದಕ್ಕೇ. ಯಾರು ಬಂದಿದ್ರು ಅನ್ನೋ ಹಾಜರಿ ಪಟ್ಟಿ. ಅವನಿಗೆ ಒಂದು ಪ್ರತಿ ಹೋಯ್ತು, ಇನ್ನೊಂದು ಪ್ರತಿ ಹಿಂದೆ ಅದೇ ಹೆಸರು ಬರೆದು ಮನೆಯಲ್ಲಿ ಇಟ್ಟುಕೊಂಡ್ರು.

ನಮ್ಮ ಭಾಗದಲ್ಲಿ ಸಾವಿಗೆ ಹೋಗೋದಕ್ಕೆ 'ಮಣ್ಣಿಗೆ ಹೋಗೋದು' ಅಂತೀವಿ. ಯಾಕಂದ್ರೆ ಇಲ್ಲಿ ಬಹಳ ಜನ ಹೂಳೋರು. ಲಿಂಗಾಯತರು ಕೂರಿಸಿ ಹೂಳ್ತಾರೆ, ಮುಸ್ಲಿಮರು ಬಟ್ಟೆ ಸುತ್ತಿ ಹೂಳ್ತಾರೆ, ಕ್ರೈಸ್ತರು ಪೆಟ್ಟಿಗೆಯಲ್ಲಿಟ್ಟು ಹೂಳ್ತಾರೆ. ನಮ್ಮ ಮನೆಯಲ್ಲೂ ನಮ್ಮ ಅಜ್ಜನ ಅಂಥದ್ದೇ ಫೋಟೋ ಇದೆ. ಗೋಡೆಗೆ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿ, ಸುತ್ತ ಮನೆಯವರು. ಅಜ್ಜಿಗೆ ಇದನ್ನ ಹೇಳಿದೆ. "ಹಿಂದ ಹೆಸರ ಐತೇನು?" ಅಂತ ಕೇಳಿದ್ರು. ಇರಲಿಲ್ಲ. ಮನೆಗೆ ಬಂದು ಫೋಟೋ ತಿರುಗಿಸಿ ನೋಡಿದೆ. ಸ್ಟುಡಿಯೋದ ಸೀಲ್ ಮಾತ್ರ ಇತ್ತು. ನಮ್ಮಪ್ಪನಿಗೆ ಅದರಲ್ಲಿ ಆರು ಜನ ಗೊತ್ತು. ನನಗೆ ಇಬ್ಬರು.

ಇಲ್ಲಿಯವರೆಗೆ ಕೇಳಿದವರು 'ಸರಿ ಬಿಡಪ್ಪ, ಹೆಸರು ಬರೆದು ಸ್ಕ್ಯಾನ್ ಮಾಡಿ ಎಲ್ಲಾ ಆನ್‌ಲೈನ್ ಹಾಕೋಣ, ಪರಂಪರೆ ಉಳೀತು' ಅಂತ ಅಂದ್ಕೊಂಡಿರ್ತೀರಿ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ರಾಣೆಬೆನ್ನೂರಿನ ಇನ್ನೊಂದು ಮನೆಯಲ್ಲಿ ಫೋಟೋ ತೋರಿಸಿದ್ರು, ಹೆಸರೂ ಹೇಳಿದ್ರು, ಕೊನೆಗೆ "ಇದನ್ನ ಎಲ್ಲೂ ಹಾಕಬ್ಯಾಡ್ರಿ" ಅಂತ ಕೈ ಮುಗಿದ್ರು. ಯಾಕೆ ಅಂತ ಅರ್ಥ ಮಾಡ್ಕೊಳ್ಳೋಕೆ ಇತಿಹಾಸದ ಇನ್ನೊಂದು ಪುಟ ತೆಗೀಬೇಕು.

1950ರ ರಾಷ್ಟ್ರಪತಿ ಆದೇಶ ಒಂದಿದೆ. ಪರಿಶಿಷ್ಟ ಜಾತಿಗಳ ಪಟ್ಟಿಗೆ ಸಂಬಂಧಿಸಿದ್ದು. ಹಿಂದೂ ಧರ್ಮಕ್ಕೆ ಸೇರದವರನ್ನ ಪರಿಶಿಷ್ಟ ಜಾತಿ ಅಂತ ಪರಿಗಣಿಸೋ ಹಾಗಿಲ್ಲ ಅಂತ ಅದು ಹೇಳ್ತು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದ್ರು. ಕ್ರೈಸ್ತರಾದ, ಮುಸ್ಲಿಮರಾದ ದಲಿತರನ್ನ ಸೇರಿಸಲಿಲ್ಲ. ಓಣಿಯಲ್ಲಿ ಅದೇ ಜಾತಿ, ಅದೇ ಅವಮಾನ, ಕಾಗದದಲ್ಲಿ ಮಾತ್ರ ಬೇರೆ. ಹಾಗಾಗಿ ಕೆಲವು ಮನೆಗಳಲ್ಲಿ ಒಬ್ಬರಿಗೆ ಎರಡು ಹೆಸರು. ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು, ಪ್ರಾರ್ಥನೆಯಲ್ಲಿ ಇನ್ನೊಂದು. ಫೋಟೋದ ಹಿಂದೆ ಯಾವುದನ್ನ ಬರೀಬೇಕು?

ಇನ್ನೂ ಹತ್ತಿರದ್ದು ಹೇಳ್ತೀನಿ. 2021ರಲ್ಲಿ ನಮ್ಮ ರಾಜ್ಯದಲ್ಲಿ ಚರ್ಚುಗಳ ಸಮೀಕ್ಷೆ ಮಾಡಬೇಕು ಅನ್ನೋ ಮಾತು ಶಾಸಕಾಂಗ ಸಮಿತಿಯೊಂದರಿಂದ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಮತಾಂತರ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಪಾಸಾಯಿತು. 2022ರಲ್ಲಿ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಅದನ್ನ ರದ್ದು ಮಾಡೋಕೆ ತೀರ್ಮಾನಿಸಿತು. ಅದರ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ. ಜನ ಕಡಿಮೆ ಇರುವ ಒಂದು ಊರಿನಲ್ಲಿ ಯಾರೋ ಬಂದು ಹೆಸರು ಕೇಳಿ ಬರ್ಕೊಂಡ್ರೆ, ಅವರು ಇತಿಹಾಸ ಬರೆಯೋರೋ, ಪಟ್ಟಿ ಮಾಡೋರೋ ಅಂತ ಆ ಮನೆಯವರಿಗೆ ಹೇಗೆ ಗೊತ್ತಾಗಬೇಕು?

ಬ್ಯಾಡಗಿ ಅಜ್ಜಿ ಹೇಳಿದ್ದರ ಅರ್ಥ ನನಗೆ ಪೂರ್ತಿ ತಿಳಿದಿದ್ದು ಆವಾಗ. ಹೆಸರು ಕೇಳು ಅಂದ್ರು. ಹೆಸರು ಊರಿಗೆಲ್ಲ ಸಾರು ಅನ್ನಲಿಲ್ಲ. ಹೆಸರು ಬರೆದಿಡೋದು ಬೇರೆ, ಪ್ರಕಟಿಸೋದು ಬೇರೆ. ಬಾಸೆಲ್‌ಗೆ ಹೋದ ಫೋಟೋಗಳಲ್ಲಿ ಮುಖ ಜಗತ್ತಿಗೆಲ್ಲ ಕಾಣುತ್ತೆ, ಹೆಸರು ಮನೆಯವರಿಗೂ ಉಳಿಯಲಿಲ್ಲ. ಬ್ಯಾಡಗಿಯ ಫೋಟೋದಲ್ಲಿ ಹೆಸರು ಮನೆಯಲ್ಲಿದೆ, ಮುಖ ಯಾರಿಗೆ ತೋರಿಸಬೇಕು ಅನ್ನೋದನ್ನ ಮನೆಯವರೇ ತೀರ್ಮಾನ ಮಾಡ್ತಾರೆ. ಪರಂಪರೆ ಕಾಪಾಡೋದು ಅಂದ್ರೆ ಈ ಎರಡನೆಯದು ಅಂತ ನನಗೆ ಅನ್ನಿಸುತ್ತೆ.

ಕೋವಿಡ್ ಕಾಲದಲ್ಲಿ ಈ ಪದ್ಧತಿಗೆ ದೊಡ್ಡ ಪೆಟ್ಟು ಬಿತ್ತು. 2020ರ ಲಾಕ್‌ಡೌನಿನಲ್ಲಿ ಅಂತ್ಯಕ್ರಿಯೆಗೆ 20 ಜನಕ್ಕಿಂತ ಹೆಚ್ಚು ಸೇರೋ ಹಾಗಿರಲಿಲ್ಲ. ಕೋವಿಡ್‌ನಿಂದ ಸತ್ತವರ ದೇಹ ಚೀಲದಲ್ಲಿ ಮುಚ್ಚಿ ಬರ್ತಿತ್ತು. ಗುಂಪು ನಿಂತು ತೆಗೆಸುವ ಕೊನೆಯ ಫೋಟೋ ಎಲ್ಲಿಂದ ಬರಬೇಕು? ಬರೋಕೆ ಆಗದವರು ಫೋನಿನಲ್ಲಿ ವಿಡಿಯೋ ಕಾಲ್ ಮೂಲಕ ನೋಡಿದ್ರು. ಅಜ್ಜಿ ಹೇಳಿದ ಆ ಮುಂಬೈ ಅಣ್ಣನ ಜಾಗದಲ್ಲಿ ಆ ವರ್ಷ ಎಲ್ಲ ಜಾತಿ, ಎಲ್ಲ ಧರ್ಮದವರೂ ನಿಂತಿದ್ರು. ಆದರೆ ವಿಡಿಯೋ ಕಾಲ್ ಮುಗಿದ ಮೇಲೆ ಕೈಯಲ್ಲಿ ಏನೂ ಉಳಿಯಲ್ಲ. ಯಾರು ಬಂದಿದ್ರು ಅಂತ ಹಿಂದೆ ಬರೆಯೋಕೆ ಅದಕ್ಕೆ ಹಿಂಬದಿಯೇ ಇಲ್ಲ.

ಈಗ ನಿಮ್ಮ ಫೋನ್ ತಗೊಳ್ಳಿ. ನೀವು ಯಾವ ಧರ್ಮದವರಾದ್ರೂ ಸರಿ, ಈ ಭಾನುವಾರ ಮಾಡಬಹುದಾದ ಕೆಲಸ ಹೇಳ್ತೀನಿ. ಮನೆಯ ಹಳೆಯ ಫೋಟೋ ತೆಗೀರಿ. ಕಿಟಕಿಯ ಪಕ್ಕ ಇಟ್ಟು, ಫ್ಲ್ಯಾಶ್ ಇಲ್ಲದೆ ಮುಂದೆ ಒಂದು, ಹಿಂದೆ ಒಂದು ಚಿತ್ರ ತೆಗೀರಿ. ಅಂಟು ಹಾಳೆಯ ಆಲ್ಬಮ್ಮಿನಲ್ಲಿ ಫೋಟೋ ಹಿಡ್ಕೊಂಡಿದ್ರೆ ಎಳೀಬೇಡಿ, ಹರಿದು ಹೋಗುತ್ತೆ. ಇದ್ದ ಹಾಗೇ ತೆಗೀರಿ. ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ರೂ ಅಷ್ಟೇ. ಆಮೇಲೆ ಮನೆಯ ಹಿರಿಯರ ಪಕ್ಕ ಕೂತು, ಒಂದೊಂದೇ ಮುಖ ತೋರಿಸಿ ಹೆಸರು ಕೇಳಿ. ಅವರು ಒಪ್ಪಿದ್ರೆ ಧ್ವನಿ ರೆಕಾರ್ಡ್ ಮಾಡಿ.

ಹೆಸರನ್ನ ಬಾಲ್ ಪೆನ್ನಿನಲ್ಲಿ ಬರೀಬೇಡಿ, ಅದರ ಗೆರೆ ಮುಂದಿನ ಕಡೆಗೆ ಉಬ್ಬುತ್ತೆ. ಮೆತ್ತಗಿನ ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಒತ್ತದೆ ಬರೀರಿ. ಹೊಸ ಬಣ್ಣದ ಫೋಟೋಗಳ ನುಣುಪು ಕಾಗದಕ್ಕೆ ಪೆನ್ಸಿಲ್ ಹತ್ತಲ್ಲ. ಅವನ್ನ ಒಂದು ಕಾಗದದ ಲಕೋಟೆಯಲ್ಲಿಟ್ಟು ಹೆಸರನ್ನ ಚೀಟಿಯಲ್ಲಿ ಬರೆದಿಡಿ. ಗೊತ್ತಿಲ್ಲದವರ ಜಾಗ ಖಾಲಿ ಬಿಡಿ, ಊಹೆ ಮಾಡಿ ತುಂಬಬೇಡಿ. ಸಮಾಧಿ ಕಲ್ಲಿನ ಅಕ್ಷರ ಓದೋಕೆ ಬರದಿದ್ರೆ ಸೀಮೆಸುಣ್ಣ ಉಜ್ಜಬೇಡಿ, ಬಣ್ಣ ತುಂಬಬೇಡಿ. ಬೆಳಿಗ್ಗೆ ಬಿಸಿಲು ಅಡ್ಡ ಬೀಳುವ ಹೊತ್ತಿಗೆ ಹೋಗಿ, ಅಕ್ಷರ ತಾನಾಗಿ ಎದ್ದು ಕಾಣುತ್ತೆ. ಮತ್ತೆ ಯಾರ ಸಾವಿನ ಮನೆಯಲ್ಲಾದ್ರೂ ಕ್ಯಾಮೆರಾ ತೆಗೆಯೋ ಮೊದಲು ಮನೆಯವರನ್ನ ಕೇಳಿ. ಬೇಡ ಅಂದ್ರೆ ಅಲ್ಲಿಗೆ ಮುಗೀತು.

ನಾನು ಬ್ಯಾಡಗಿಗೆ ಎರಡನೇ ಸಲ ಹೋದಾಗ ಕ್ಯಾಮೆರಾ ಒಯ್ಯಲಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಅಷ್ಟೇ. ಗದಗಿನಿಂದ ಅಜ್ಜಿಯ ತಂಗಿ ಬಂದಿದ್ರು. ಇಬ್ಬರೂ ಕನ್ನಡಕ ಬದಲಿಸಿಕೊಂಡು ಆ ನಾಲ್ಕು ಮುಖಗಳನ್ನ ಬಹಳ ಹೊತ್ತು ನೋಡಿದ್ರು. ಒಬ್ಬಾಕೆ ಯಾರು ಅಂತ ತಂಗಿಗೆ ನೆನಪಾಯ್ತು. ಪಕ್ಕದ ಮನೆಯವರು, ಕ್ರೈಸ್ತರಲ್ಲ. ಸತ್ತವರ ಹೆಂಡತಿಗೆ ಆ ದಿನ ಗಂಜಿ ಮಾಡಿ ಕುಡಿಸಿದ್ದು ಅವರೇ ಅಂತೆ. ಅಜ್ಜಿ ಪೆನ್ಸಿಲ್ ಇಸ್ಕೊಂಡು ತಾವೇ ಹೆಸರು ಬರೆದ್ರು. ಈಗ 28. ಇನ್ನೂ ಮೂರು ಜಾಗ ಖಾಲಿ ಇದೆ.

ಆ ಫೋಟೋ ಈ ಸಂಚಿಕೆಯ ಜೊತೆ ಯಾಕೆ ಇಲ್ಲ ಅಂತ ಈಗ ನಿಮಗೆ ಗೊತ್ತಾಗಿರಬೇಕು. ಅದು ಆ ಮನೆಯವರದು. ಹೊರಡುವಾಗ ಅಜ್ಜಿ ನನಗೆ ಹೇಳಿದ್ದನ್ನೇ ನಿಮಗೂ ಹೇಳಿ ಮುಗಿಸ್ತೀನಿ: "ಮನಿಗೆ ಹೋಗಿ ನಿಮ್ಮ ಅಜ್ಜನ ಫೋಟೋದ ಹಿಂದ ಬರಿ. ನಿಮ್ಮಪ್ಪ ಇದ್ದಾಗನ ಬರಿ."

ಬರೆದೆ. ಆರು ಹೆಸರು.